ಬೇವಿನ ಮರದ ಮೂರನೆಯ ಜೀರುಂಡೆ

ಆಕೆಯ ಬೆರಳ ಸಂದಿಯಲ್ಲಿ ಬೇವಿನ ಹಣ್ಣಿನ ಅಂಟು ಒಣಗಿ ಬೆಳ್ಳಗಾಗಿರುತ್ತಿತ್ತು. ಆ ಕೈಯನ್ನೇ ಕಿವಿಯ ಹಿಂದೆ ಹಿಡಿದು, ಮುಖವನ್ನು ಮರದ ಕಡೆಗೆ ಎತ್ತದೆ ನೆಲಕ್ಕೆ ತಗ್ಗಿಸಿ ಜೀರುಂಡೆಯ ದನಿ ಕೇಳುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಣ್ಣು ಯಾವುದು, ಹರಳು ಯಾವುದು ಎಂದು ಬೆರಳಿಗೇ ತಿಳಿಯುತ್ತಿತ್ತು.

ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಮಾನ್ವಿಯಲ್ಲಿ ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ಶಾಲೆಯ ಬೇಲಿಯಾಚೆ ಬೇವಿನ ಮರಗಳ ಸಾಲು. ಆಯಿ ಊರಾಚೆಯ ಕೇರಿಯಿಂದ ಬಂದು ಉದುರಿದ ಹಣ್ಣು ಆಯ್ದು, ಬೀಜ ತೆಗೆದು ಗಾಣಕ್ಕೆ ಕೊಡುತ್ತಿದ್ದಳು. ಬೇಲಿಯೊಳಗೆ ಬರುವಂತಿರಲಿಲ್ಲ. ಮಾತಾಡಬೇಕಾದರೆ ನಾನೇ ಆಚೆ ಹೋಗಬೇಕಿತ್ತು.

ಹೈದರಾಬಾದಿನಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದ್ದ ಪ್ರೊಫೆಸರರಿಂದ ಒಂದು ಬೇಸಿಗೆ ಉರ್ದುವಿನಲ್ಲಿ ಕಾಗದ ಬಂತು. ನಿಮ್ಮ ಕಡೆ ಎಷ್ಟು ಬಗೆಯ ಜೀರುಂಡೆಗಳಿವೆ, ಹಿಡಿದು ಕಳಿಸು, ಪಟ್ಟಿಯನ್ನು ನಿನ್ನ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇನೆ ಎಂದಿದ್ದರು. ಹಿಗ್ಗಿದೆ. ಆದರೆ ಮೊದಲ ದಿನವೇ ತಲೆ ಕೆಟ್ಟಿತು. ‘ಜೀರುಂಡಿ ತರ್ರಿ’ ಎಂದರೆ ಮಕ್ಕಳಲ್ಲಿ ಒಬ್ಬ ಸಗಣಿ ಹುಳ ತಂದ, ಇನ್ನೊಬ್ಬ ಹಸಿರು ಮಿಂಚುವ ದುಂಬಿ ತಂದ. ನಮ್ಮಲ್ಲಿ ಎಲ್ಲಕ್ಕೂ ಅದೇ ಹೆಸರು. ಕೊನೆಗೆ ಬಿದಿರ ಕೋಲಿನ ತುದಿಗೆ ಆಲದ ಹಾಲು ಹಚ್ಚಿ, ಪ್ರೊಫೆಸರರು ಕೇಳಿದ್ದ, ಮರದಲ್ಲಿ ಕೂಗುವವನ್ನು ನಾನೇ ಹಿಡಿದೆ. ಹಸಿರಿನದು, ಕಂದಿನದು, ದೊಡ್ಡದು, ಸಣ್ಣದು ಎಂದು ಬೇರೆ ಮಾಡಿ ಏಳು ಬಗೆ ಬರೆದಿಟ್ಟೆ. ಮರುದಿನ ನೋಡಿದರೆ ಹಸಿರಿನದು ಪೆಟ್ಟಿಗೆಯಲ್ಲೇ ಕಂದಾಗಿತ್ತು. ಆಗಷ್ಟೇ ಪೊರೆ ಬಿಟ್ಟಿದ್ದರಿಂದ ಹಸಿರಾಗಿತ್ತು, ಅಷ್ಟೆ.

ಇದನ್ನು ಹೇಳಿದಾಗ ಆಯಿ ನಗಲಿಲ್ಲ.

“ಬಣ್ಣ ನೋಡಿ ಯಾಕ ಎಣಸ್ತೀರಿ ಮಾಸ್ತರ್ರೀ? ಈ ಮರದಾಗ ಎರಡ ನಮೂನಿ ಅದಾವ. ಒಂದು ನಡು ಮಧ್ಯಾಹ್ನ ಉಸಿರು ಹಿಡದು ಕೂಗ್ತದ. ಇನ್ನೊಂದು ಹೊತ್ತು ಮುಳಗೂ ಮುಂದ ತಡದು ತಡದು ಕೂಗ್ತದ.”

“ಬಣ್ಣ ಬಿಟ್ರ ನೋಡಾಕ ಎಲ್ಲಾ ಒಂದ ಥರ ಅದಾವಲ್ಲ ಆಯಿ.”

“ನಾ ಎಲ್ಲಿ ನೋಡೀನಿ?”

ಆಕೆ ಕೈ ತೋರಿದ ಕೊಂಬೆಯಿಂದ ಮಧ್ಯಾಹ್ನ ಒಂದನ್ನು, ಸಂಜೆ ಒಂದನ್ನು ಹಿಡಿದು ಮಗುಚಿ ನೋಡಿದೆ. ಗಂಡು ಜೀರುಂಡೆಯ ಹೊಟ್ಟೆಯಡಿ, ಸದ್ದು ಹೊರಡುವಲ್ಲಿ, ಎರಡು ಸಣ್ಣ ಮುಚ್ಚಳಗಳಿರುತ್ತವೆ. ಮಧ್ಯಾಹ್ನದ್ದರಲ್ಲಿ ಅವು ಉದ್ದ, ಸಂಜೆಯದರಲ್ಲಿ ಗಿಡ್ಡ. ಕಣ್ಣಿದ್ದೂ ನಾನು ಕಾಣದ್ದನ್ನು ಆಕೆ ಎಷ್ಟು ಬೇಸಿಗೆಗಳಿಂದ ಬಲ್ಲಳೋ.

ಆಮೇಲೊಂದು ದಿನ ಹೇಳಿದಳು: “ಮೂರನೇದೂ ಅದ. ಬಾಳ ಸಣ್ಣ ದನಿ. ನಿಲ್ಲೂದ ಇಲ್ಲ.”

ನನಗೆ ಕೇಳಿಸಲಿಲ್ಲ. ಮರ ಹತ್ತಿದೆ, ಸಿಗಲಿಲ್ಲ. ಆದರೂ ಆಕೆಯ ಮಾತನ್ನು ನಂಬಿ ಮೂರು ಬಗೆ ಎಂದು ಬರೆದು, ಎರಡನ್ನು ಮಾತ್ರ ಹತ್ತಿಯಲ್ಲಿ ಸುತ್ತಿ ಕಳಿಸಿದೆ.

ಉತ್ತರ ಬಂದಾಗ ಚಳಿಗಾಲ. ಮೂರನೆಯದನ್ನು ಕಳಿಸು, ಇಲ್ಲವೇ ಪಟ್ಟಿಯಿಂದ ಹೊಡೆದು ಹಾಕು ಎಂದಿದ್ದರು. ಆಯಿಯ ಗುಡಿಸಲಿಗೆ ಹೋದೆ. ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

“ಆ ಮೂರನೇದು ಮತ್ತ ಯಾವಾಗ ಬರ್ತದ ಆಯಿ?”

“ಈಗೂ ಕೂಗಾಕತ್ತದಲ್ಲ.”

ಎಲೆ ಅಲುಗದ ಹೊತ್ತು. ಆ ಚಳಿಯಲ್ಲಿ ಯಾವ ಜೀರುಂಡೆಯೂ ಕೂಗುವುದಿಲ್ಲ. ನನಗೇನೋ ಹೊಳೆಯಿತು, ಹೊಳೆಯಬಾರದಿತ್ತು ಅನ್ನಿಸಿತು. ಎರಡೂ ಕಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಳ್ಳಲು ಹೇಳಿದೆ. ಮುಚ್ಚಿಕೊಂಡಳು. ಆಮೇಲೆ ಕೈ ತೆಗೆದಳು.

“ಹಂಗ ಕೂಗಾಕತ್ತದ,” ಎಂದಳು. “ಹಂಗಾರ ಇದು ಮರದಾಗ ಇಲ್ಲೇನು?”

ನಾನು ತಲೆ ಅಲ್ಲಾಡಿಸಿದೆ. ಆಕೆಗೆ ಕಾಣದು ಎಂಬುದನ್ನೂ ಮರೆತಿದ್ದೆ.

“ಬ್ಯಾಸಗ್ಯಾಗ ಮರದಾಗ ಇತ್ತೋ, ಆಗೂ ನನ್ನ ಕಿವ್ಯಾಗ ಇತ್ತೋ, ಹೆಂಗ ಹೇಳಲಿ ಯಪ್ಪಾ?”

ಅದು ನನಗೂ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ. ಬೇಸಿಗೆಯಲ್ಲಿ ನಿಜವಾಗಿ ಒಂದು ಹುಳ ಇದ್ದು, ಅದರ ದನಿಯೇ ಆಕೆಯ ಕಿವಿಯಲ್ಲಿ ಉಳಿದುಬಿಟ್ಟಿತ್ತೋ ಏನೋ. ಪ್ರೊಫೆಸರರಿಗೆ ಬರೆದೆ: ಮೂರನೆಯದು ನಾನು ತಪ್ಪಾಗಿ ಕೇಳಿದ್ದು, ತೆಗೆದುಹಾಕಿ. ತಪ್ಪನ್ನು ಮುದುಕಿಯ ಮೇಲೆ ಹೊರಿಸಬಾರದೆಂದು ಹಾಗೆ ಬರೆದೆ ಎಂದುಕೊಂಡೆ. ಹಾಗೆ ಬರೆದದ್ದರಿಂದ ಸರಿಯಾದ ಎರಡೂ ನನ್ನವೇ ಆದವು ಎಂಬುದು ಕಾಗದ ಟಪಾಲಿಗೆ ಹಾಕಿದ ಮೇಲೆ ಹೊಳೆಯಿತು. ಮತ್ತೊಂದು ಕಾಗದ ಬರೆಯಬಹುದಿತ್ತು. ಯಾಕೆ ಬರೆಯಲಿಲ್ಲವೋ ಗೊತ್ತಿಲ್ಲ.

ಬೇವು ಹೂ ಬಿಡುವ ಮೊದಲೇ ಆಯಿ ತೀರಿಕೊಂಡಳು. ನನಗೆ ತಿಳಿದದ್ದು ಮಣ್ಣಾದ ಮೇಲೆ.

ಆ ವರ್ಷವೇ ಅಚ್ಚಾದ ಪಟ್ಟಿ ಬಂತು. ಮಾನ್ವಿ, ಎರಡು ಬಗೆ. ಅದನ್ನು ಹಿಡಿದು ಕೇರಿಗೆ ಹೋದೆ. ಆಯಿಯ ಮಗಳು ಜೋಳ ಕೇರುತ್ತಿದ್ದಳು.

“ನಮ್ಮವ್ವ ದಿನಾ ಮಾಸ್ತರಗ ಕಲಸಾಕ ಹೊಂಟೀನಿ ಅಂತಿದ್ಲ್ರಿ,” ಎಂದಳು. “ಖರೇನೇನು? ಏನ್ ಕಲಸ್ತಿದ್ಲು?”

“ಯಾವ ಜೀರುಂಡಿ ಹೆಂಗ ಕೂಗ್ತದ ಅಂತ.”

ಸತ್ತವಳನ್ನು ಹಾಸ್ಯ ಮಾಡುತ್ತಿದ್ದಾನೇನೋ ಎಂಬಂತೆ ನನ್ನ ಮುಖ ನೋಡಿದಳು. ಕಾಗದ ತೋರಿಸಿದೆ. ಕೈ ಒರೆಸಿಕೊಂಡು ತೆಗೆದುಕೊಂಡಳು. ಆಕೆಗೆ ಓದು ಬರುತ್ತಿರಲಿಲ್ಲ.

“ಇದರಾಗ ಅವ್ವನ ಹೆಸರು ಎಲ್ಲಿ ಅದ್ರಿ?”

ನಾನು ಒಂದು ಸಾಲಿನ ಮೇಲೆ ಬೆರಳಿಟ್ಟು, “ಇಲ್ಲಿ,” ಎಂದೆ.

ಅಲ್ಲಿದ್ದದ್ದು ನನ್ನ ಹೆಸರು. ಆಕೆ ಅದನ್ನೇ ಕಣ್ಣಿಗೊತ್ತಿಕೊಂಡಳು.