ಲಾಕು ಕೂರಿಸುತ್ತಿದ್ದ ಚಾಚಿ

ಚಾಚಿಯ ಬಲಗೈಯ ಉಗುರುಗಳ ಸುತ್ತ ಗೇರ್ ಆಯಿಲ್‌ನ ಕಪ್ಪು ಗೆರೆ ಕೂತಿರುತ್ತಿತ್ತು. ಅಂಗೈಯಲ್ಲಿ ಹಬ್ಬದ ಮೆಹಂದಿ. ಊಟಕ್ಕೆ ಕೂರುವ ಮುಂಚೆ ಕೈಯನ್ನು ಸಕ್ಕರೆ ಮತ್ತು ಸೋಪು ಹಾಕಿ ತಿಕ್ಕುತ್ತಿದ್ದರು. ಆದರೂ ಆ ಗೆರೆ ಹೋಗುತ್ತಿರಲಿಲ್ಲ. "ಇದು ಹಂಗs ಇರ್ಲಿ ಬಿಡು ಬೇಟಾ, ಬಳಿ ಹಾಕ್ಕೊಂಡಂಗ," ಅನ್ನುತ್ತಿದ್ದರು.

ಘಾಟ್ಕೋಪರ್‌ನಲ್ಲಿ ನನ್ನ ಹೊಲಿಗೆ ಅಂಗಡಿಗೂ ಅವರ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ನಾನು ಧಾರವಾಡದಿಂದ ಮದುವೆಯಾಗಿ ಬಂದವಳು. ಹಿಂದಿ ಬರುತ್ತಿರಲಿಲ್ಲ, ಮರಾಠಿ ಅರ್ಧಂಬರ್ಧ. ಅಂಗಡಿ ತೆರೆದ ಮೊದಲ ವಾರ, ಗಿರಾಕಿಯೊಬ್ಬಳ ಮಾತು ತಿಳಿಯದೆ ಅಳು ಬಂದು ಮಷಿನ್ ಮೇಲೆ ತಲೆಯಿಟ್ಟಿದ್ದೆ. ತಗಡಿನ ಆಚೆಯಿಂದ ದನಿ ಬಂತು: "ಯಾರವ್ವಾ ಅದು ಕನ್ನಡದಾಗ ಅಳಾಕತ್ತಿದ್ದು?"

ಅವರು ವಿಜಯಪುರದವರು. ಗಂಡನ ಜೊತೆ ದಖನಿ ಉರ್ದು, ನಾನಿದ್ದರೆ ಇಬ್ಬರೂ ಕನ್ನಡ. ಕನ್ನಡದಲ್ಲಿ ಅಳುವುದು ಹೇಗಿರುತ್ತದೆ ಎಂದು ನಾನು ಕೇಳಿದಾಗ, "ನೀ 'ಯವ್ವಾ' ಅಂದಿ. ಇಲ್ಲಿ ಮಂದಿ 'ಆಯಿ' ಅಂತಾರ," ಎಂದು ನಕ್ಕಿದ್ದರು.

ಗ್ಯಾರೇಜು ಚಾಚಾನದು. ಚಾಚಿ ಮೇಲಿನ ಅಟ್ಟದ ಮನೆಯಿಂದ ಚಹಾ ಇಳಿಸುತ್ತಿದ್ದರು, ಅಷ್ಟೆ. ಚಾಚಾನ ಕೈ ನಡುಗಲು ಶುರುವಾದ ಮೇಲೆ ಅವರು ಚಹಾ ಕೊಟ್ಟವರು ಹಿಂದಕ್ಕೆ ಹೋಗದೆ ಅಲ್ಲೇ ನಿಲ್ಲತೊಡಗಿದರು. ಸ್ಪಾನರ್ ಎತ್ತಿ ಕೊಡುವುದು, ನಟ್ಟು ಹಿಡಿಯುವುದು.

ಒಂದು ಸಲ ಬಂದದ್ದು ಶೂಟಿಂಗ್‌ಗೆ ಬಾಡಿಗೆಗೆ ಹೋಗುವ ಹಳೆಯ ಫಾರಿನ್ ಪಿಕಪ್ ಟ್ರಕ್ಕು. ಹಿಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಬೇಕಿತ್ತು. ಅದಕ್ಕೆ ಚಕ್ರದ ಎಕ್ಸೆಲ್ಲನ್ನೇ ಹೊರಗೆಳೆಯಬೇಕು. ಎಕ್ಸೆಲ್ಲಿನ ಒಳತುದಿಯನ್ನು ಎರಡು ಚಕ್ರಗಳ ನಡುವಿನ, ಎಣ್ಣೆ ತುಂಬಿದ ಗೇರ್ ಡಬ್ಬಿಯೊಳಗೆ ಹಿಡಿದಿಡುವುದು ಬಾಯಿ ತೆರೆದ ಉಂಗುರದಂಥ ಒಂದು ಸಣ್ಣ ಲಾಕು. ಅದು ಸರಿಯಾಗಿ ಕೂರದಿದ್ದರೆ ಓಡುವ ಗಾಡಿಯಿಂದ ಎಕ್ಸೆಲ್ ಸಮೇತ ಚಕ್ರ ಕಳಚಿ ಬರುತ್ತದೆ.

ಡಿಸ್ಕ್ ಕೂರಿಸಿದ್ದಾಯಿತು. ಲಾಕು ಹಾಕುವಾಗ ಚಾಚಾನ ಬೆರಳಿನಿಂದ ಅದು ಜಾರಿ ಎಣ್ಣೆಯೊಳಗೆ ಬಿತ್ತು. ಹೆಕ್ಕಿ ತೆಗೆದರು, ಮತ್ತೆ ಬಿತ್ತು. ಟ್ರಕ್ಕಿನ ಮಾಲೀಕ ನೋಡುತ್ತ ನಿಂತಿದ್ದ. ಚಾಚಾ ಯಾರ ಮುಖವನ್ನೂ ನೋಡದೆ ಕೈ ಒರೆಸಿಕೊಂಡರು.

ಚಾಚಿ ಬಳೆಗಳನ್ನು ಮೊಣಕೈವರೆಗೆ ಏರಿಸಿ ಟ್ರಕ್ಕಿನ ಹಿಂದೆ ಕೂತರು. "ಬೇಟಾ, ಹೊಲಿಗಿ ಬಿಟ್ಟು ಬಾ. ಚಕ್ರದ ಕಡೆ ಹಿಡಿ."

ಬ್ರೇಕಿನ ಕೆಲಸ ಹೆಂಗಸು ಮಾಡುವುದೇ ಎಂದು ಮಾಲೀಕ ಗೊಣಗಿದ: "ಚಾಚಾ, ಬ್ರೇಕ್ ಕಾ ಕಾಮ್ ಹೈ. ಔರತ್ ಕರೇಗಿ?"

"ಹಾತ್ ಉಸ್ಕಾ, ಜಿಮ್ಮಾ ಮೇರಾ," ಅಂದರು ಚಾಚಾ, ಕೈ ಅವಳದು, ಹೊಣೆ ನನ್ನದು ಎಂದು.

ನಾನು ಹೊರಗಿನಿಂದ ಎಕ್ಸೆಲ್ಲನ್ನು ಒಳಕ್ಕೆ ನೂಕಿದೆ. ಚಾಚಿ ಆಯಿಲ್‌ನೊಳಗೆ ಎರಡು ಬೆರಳು ಇಳಿಸಿ ಲಾಕನ್ನು ಎಕ್ಸೆಲ್ಲಿನ ಕಚ್ಚಿಗೆ ಸಿಕ್ಕಿಸಿದರು. "ಈಗ ಎಳಿ. ಸಾವಕಾಶ. ಹಾಂ..." ಎಳೆಯುವಾಗ ಒಳಗೆ ಏನೋ ತನ್ನ ಜಾಗಕ್ಕೆ ಹೋಗಿ ನಿಂತದ್ದು ನನ್ನ ಅಂಗೈಗೆ ತಿಳಿಯಿತು. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಆದರೆ ಆ ಕಬ್ಬಿಣದ ಆಚೆ ತುದಿಯಲ್ಲಿ ಅವರಿದ್ದಾರೆ ಎಂದು ಅಷ್ಟು ಸ್ಪಷ್ಟವಾಗಿ ನನಗೆ ಯಾರ ವಿಷಯದಲ್ಲೂ ಅನಿಸಿದ್ದಿಲ್ಲ.

ಆಮೇಲೆ ಬಲಗಡೆಯದೂ ಆಯಿತು. ಎಕ್ಸೆಲ್ಲುಗಳು ಮತ್ತೆ ಒಳಸರಿಯದಂತೆ ಚಾಚಾ ನಡುವಿನ ಪಿನ್ ಹಾಕಿಸಿದರು, ಡಬ್ಬಿಯ ಮುಚ್ಚಳ ಬಿಗಿಯಿತು, ಹೊಸ ಆಯಿಲ್ ಬಿತ್ತು. ಮಾಲೀಕ ಕಸಾರಾ ಘಾಟ್ ಹತ್ತಿ ಹೋಗಬೇಕಿತ್ತು, ಚಾವಿ ಕೈಗೆತ್ತಿಕೊಂಡ. ಆಗ ಚಾಚಿ ಅಡ್ಡ ನಿಂತರು.

"ಬಿಚ್ಚರಿ. ಬಲಗಡೀದು ನಾ ಮತ್ತ ನೋಡಬೇಕು."

"ಪಿನ್ ಹೋಗೇತಲ್ಲ? ಎಳದ್ರ ಬರವಲ್ದು. ಮತ್ತೇನು?" ಚಾಚಾ ಅಂದರು.

"ಇವ ನನ್ನ ಕೈ ನೋಡ್ಕೊಂತ ನಿಂತಿದ್ದ. ನನ್ನ ಲಕ್ಷ್ಯ ಅತ್ಲಾಗ ಹೋತು. ಹಾಕೀನಿ ಅನ್ನೋದು ಗೊತ್ತೈತಿ, ಕೂತಿದ್ದು ನೋಡಿಲ್ಲ. ಇವನ ಮನ್ಯಾಗ ಮಕ್ಳಿಲ್ಲೇನು?"

ಮಾಲೀಕ ಕೂಗಾಡಿದ. ಚಾಚಾ ಸಿಡುಕಿದರು. ಹೊಸ ಆಯಿಲ್ಲೆಲ್ಲ ಬೋಗುಣಿಗೆ ಇಳಿಯಿತು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ, ಲಾಕು ಇದ್ದಲ್ಲೇ ಇತ್ತು. ನೀಟಾಗಿ ಕೂತಿತ್ತು.

"ನೋಡಿದಿ?" ಅಂದರು ಚಾಚಾ.

"ನೋಡಿದೆ. ಇನ್ನ ಹೋಗ್ಲಿ."

ಅವರ ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಗೆದ್ದ ಭಾವವೂ ಇರಲಿಲ್ಲ. ಆಮೇಲೆ ಚಾಚಾ ತಾವೇ ಅಟ್ಟ ಹತ್ತಿ, ನಡುಗುವ ಕೈಯಲ್ಲಿ ಅರ್ಧ ಚೆಲ್ಲುತ್ತ, ಹೆಂಡತಿಗೆ ಚಹಾ ಇಳಿಸಿಕೊಂಡು ಬಂದರು. ಚಾಚಿ ಆ ಅರ್ಧ ಕಪ್ಪನ್ನು ತುಂಬ ಹೊತ್ತು ಕುಡಿದರು.

ಅಲ್ಲಿಂದ ಅಂಥ ಕೆಲಸ ಬಂದಾಗಲೆಲ್ಲ ಒಳಗಿನ ಕೈ ಅವರದು, ಹೊರಗಿನ ಕೈ ನನ್ನದು. ಕೆಲಸದ ನಡುವೆ ಮಾತು ನಿಲ್ಲುತ್ತಿರಲಿಲ್ಲ: ನನ್ನ ಅತ್ತೆಯ ಸಿಟ್ಟು, ಅವರೂರಿನ ಜೋಳದ ರೊಟ್ಟಿ, ದಾದರ್‌ನಲ್ಲಿ ಲೋಕಲ್ ರೈಲು ಬದಲಿಸುವಾಗ ಕಳೆದುಹೋದ ಚಪ್ಪಲಿ. ಯಾವ ಸುದ್ದಿಯನ್ನೂ ಅವರು ಸಣ್ಣದು ಅನ್ನುತ್ತಿರಲಿಲ್ಲ.

ಚಾಚಾ ಹೋದ ಮೇಲೆ ಗ್ಯಾರೇಜು ನಡೆಯಲಿಲ್ಲ. ನಮ್ಮ ಅಂಗಡಿಗಳ ಸಾಲನ್ನೇ ಕೆಡವಿ ಬಿಲ್ಡಿಂಗ್ ಕಟ್ಟಿದರು. ಚಾಚಿ ತಂಗಿಯ ಮನೆಗೆ, ಬೈಕುಲ್ಲಾಕ್ಕೆ ಹೋದರು. ನಾನು ರವಿವಾರ ಹೋಗುತ್ತಿದ್ದೆ. ಕಡೆಕಡೆಗೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. "ನೀ ಮಾತಾಡು, ನಾ ಕೇಳ್ತೀನಿ," ಅನ್ನುತ್ತಿದ್ದರು. ರಂಜಾನ್ ಮುಗಿದ ಮರುವಾರ ಅವರ ತಂಗಿ ಫೋನ್ ಮಾಡಿದರು. ನಾನು ಮುಟ್ಟುವಷ್ಟರಲ್ಲಿ ಮಣ್ಣಿಗೆ ಒಯ್ದಾಗಿತ್ತು.

ಈಗ ನನ್ನ ಹಿಂದಿ ಚೆನ್ನಾಗಿದೆ, ಮರಾಠಿಯೂ. ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ನಿನ್ನೆ ಲೋಕಲ್‌ನಲ್ಲಿ ಒಬ್ಬಾಕೆ ಕೊತ್ತಂಬರಿ ಸೊಪ್ಪು ಸೋಸುತ್ತ ಕೂತು, ಇಳಿಯುವಾಗ ಸೋಸಿದ್ದನ್ನು ಬಿಟ್ಟು ಕಸದ ಚೀಲ ಹಿಡಿದುಕೊಂಡು ಇಳಿದಳು. ನನಗೆ ನಗು ತಡೆಯಲಿಲ್ಲ. ಇದನ್ನು ಹೇಗೆ ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಳ್ಳುತ್ತ ಸ್ಟೇಷನ್ ದಾಟಿ ಬಂದೆ. ಮನೆಯ ಬಾಗಿಲು ತೆರೆದ ಮೇಲೆ, ಹೇಳಲು ಯಾರೂ ಇಲ್ಲ ಎಂದು ನೆನಪಾಯಿತು.