ಶೇಡ್ ಹೊಂದದ ಗೋಸುಂಬೆ

ಹೊಸ ಬಣ್ಣದ ವಾಸನೆ ನಿಮಗೆ ಹಬ್ಬವನ್ನೋ ಗೃಹಪ್ರವೇಶವನ್ನೋ ನೆನಪಿಸಬಹುದು. ನನಗೆ ಪೀಣ್ಯ ನೆನಪಾಗುತ್ತದೆ. ಮೊನ್ನೆ ನನ್ನ ಮನೆಗೆ ಬಂದ ಪೇಂಟರ್ ಫೋನಿನಲ್ಲಿ ಹೆಂಡತಿಗೆ, "ಕೂಸಿನ ಜ್ವರ ಇಳೀತೇನ? ಸಂಜೀಕ ಮಾತಾಡ್ತೀನಿ, ಇಡು" ಎಂದ. ಫೋನ್ ಜೇಬಿಗಿಳಿಸಿ ನನ್ನತ್ತ ತಿರುಗಿದವನೇ, "ಸಾರ್, ಯಾವ್ ಶೇಡ್ ಫೈನಲ್ ಮಾಡ್ಕೊಂಡ್ರಿ?" ಎಂದ. ನಾನು ಶೇಡ್ ಕಾರ್ಡ್ ಬಿಟ್ಟು ಅವನನ್ನೇ ನೋಡಿದೆ: ಹೆಂಡತಿಗೊಂದು ಕನ್ನಡ, ನನಗೊಂದು ಕನ್ನಡ.

ಪೀಣ್ಯಕ್ಕೆ ಮೆಟ್ರೋ ಬರುವ ಮೊದಲಿನ ಮಾತು. ಅಲ್ಲೊಂದು ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ನನ್ನ ಕೆಲಸ. ಬಣ್ಣ ಹಿಡಿದು, ಒಲೆಯಲ್ಲಿ ಬೆಂದು ಬಂದ ಕಬ್ಬಿಣದ ಸಾಮಾನನ್ನು ಮಾದರಿ ತಗಡಿನ ಪಕ್ಕ ಇಟ್ಟು, ಶೇಡ್ ಹೊಂದಿತೋ ಇಲ್ಲವೋ ಹೇಳಬೇಕು. ಕಣ್ಣು ಕಿರಿದು ಮಾಡಿ ತಲೆ ಅಲ್ಲಾಡಿಸುವಾಗ ನನ್ನ ಗತ್ತೇನು ಕೇಳುತ್ತೀರಿ! ನನ್ನ ನಾಲಿಗೆಯನ್ನೂ ಅಷ್ಟೇ ಜೋಪಾನವಾಗಿ ಹೊಂದಿಸಿಕೊಂಡಿದ್ದೆ. ನನ್ನೂರು ಮುದ್ದೇಬಿಹಾಳದ ಕಡೆ. ಹಿಂದಿನ ಕಾರ್ಖಾನೆಯಲ್ಲಿ ನನ್ನ ಮಾತನ್ನು ಅಣಕಿಸಿ ನಕ್ಕಿದ್ದರು. ಹಾಗಾಗಿ ಇಲ್ಲಿ ಊರು ಕೇಳಿದವರಿಗೆ ತುಮಕೂರು ಎಂದುಬಿಟ್ಟಿದ್ದೆ.

ಸಾಮಾನನ್ನು ಕೊಕ್ಕೆಗೆ ನೇತುಹಾಕುತ್ತಿದ್ದ ಮಲ್ಲಪ್ಪ ಬಾದಾಮಿಯವನು. ಅವನಿಗೆ ಅಂಥ ಅಳುಕೇನೂ ಇರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ, "ಬರ್ರಿ ಸರ, ಒಂದ್ ರೊಟ್ಟಿ ಮುರೀರಿ" ಎಂದು ಕರೆಯುತ್ತಿದ್ದ. ಶೇಂಗಾ ಚಟ್ನಿಯ ವಾಸನೆಗೆ ನನ್ನ ಹೊಟ್ಟೆಯೇ ಎದ್ದು ಹೊರಡುತ್ತಿತ್ತು. "ಬೇಡ ಗುರು, ನಮ್ಗೆ ರೊಟ್ಟಿ ಅಭ್ಯಾಸ ಇಲ್ಲ" ಎಂದು ತಣ್ಣಗಿನ ಚಿತ್ರಾನ್ನ ನುಂಗುತ್ತಿದ್ದೆ. ದಾಸರಹಳ್ಳಿಯ ಒಂಟಿ ರೂಮಿನಲ್ಲಿ ಭಾನುವಾರವಿಡೀ ಯಾರೊಂದಿಗೂ ಮಾತಿಲ್ಲ. ಮಲ್ಲಪ್ಪನ ಜೊತೆ ಕೂತು ಮಾತಾಡಬೇಕೆಂಬ ಆಸೆ ಎಷ್ಟಿತ್ತೆಂದರೆ, ಅವನಿಗೆ ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಯಾರೋ ಹಿಂದಿನ ಹೊಂಗೆಮರದಿಂದ ಕೋಲಿನ ಮೇಲೆ ಗೋಸುಂಬೆಯೊಂದನ್ನು ತಂದರು. ಬೇರೆಯವರಾದರೆ ನೋಡಿ ಬಿಡುತ್ತಿದ್ದರು. ನಾವು ಬಣ್ಣದವರು! ನಾನು ಮಾದರಿ ತಗಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ನೋಡ್ತಿರಿ, ಕೆಂಪಿನ್ ಮೇಲೆ ಕೆಂಪಾಗುತ್ತೆ" ಎಂದೆ. ಆಗಲಿಲ್ಲ. ನೀಲಿಯ ಮೇಲಿಟ್ಟರೆ ನೀಲಿಯಾಗಲಿಲ್ಲ. ತಗಡಿನಿಂದ ತಗಡಿಗೆ ಅದು ಇನ್ನಷ್ಟು ಕಪ್ಪಾಗುತ್ತ ಹೋಯಿತು. "ಶೇಡ್ ಹೊಂದ್ತಿಲ್ಲ" ಎಂದು ನಾನು ಗಂಭೀರವಾಗಿ ತೀರ್ಪು ಕೊಡುವಷ್ಟರಲ್ಲಿ ಅದು ನನ್ನ ತೋಳು ಹತ್ತಿತು.

"ಯವ್ವಾ! ತಗೀರಪೋ ಇದನ್ನ!" ಎಂದು ನನ್ನೂರಿನ ಮಾತಿನಲ್ಲೇ ಕಿರುಚಿದೆ.

ನನ್ನ ಪುಕ್ಕಲುತನಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಲ್ಲಪ್ಪ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡಿದ. ಆಮೇಲೆ ಅದನ್ನು ಮೆಲ್ಲಗೆ ಅಂಗೈಗೆ ತೆಗೆದುಕೊಂಡು, "ಇದು ತಗಡ ನೋಡಿ ಬಣ್ಣ ಬದಲಸೂದಿಲ್ರಿ ಸರ. ಅಂಜೇತಿ, ಅದಕ್ಕ ಕರ್ರಗ ಆಗೇತಿ" ಎಂದು ಹೇಳಿ ಮರಕ್ಕೆ ಬಿಟ್ಟು ಬಂದ.

ಮರುದಿನ ಅವನು ಕರೆಯಲಿಲ್ಲ. ಡಬ್ಬಿಯ ಮುಚ್ಚಳದಲ್ಲಿ ಒಂದು ರೊಟ್ಟಿ, ಚಟ್ನಿ ಇಟ್ಟು ನನ್ನತ್ತ ಸರಿಸಿ, ಬೇರೆ ಕಡೆ ಮುಖ ಮಾಡಿ ಕೂತ. ಮೇಜಿನ ಸುತ್ತ ಉಳಿದವರೂ ಇದ್ದರು. "ಬೇಡ ಗುರು" ಎಂದೆ. ಅವನು ಮುಚ್ಚಳ ವಾಪಸ್ ಎಳೆದುಕೊಂಡ.

ಮುಂದಿನ ತಿಂಗಳು ಅವನು ಚಂದಾಪುರದ ಕಡೆ ಕೆಲಸ ಹಿಡಿದ. ಹೊರಡುವಾಗ, "ಊರಿಗೆ ಹೋದಾಗ ಬಾದಾಮಿಗೂ ಬರ್ರಿ ಸರ. ನಿಮಗೇನ್ ದೂರ ಆಗೂದಿಲ್ಲ" ಎಂದ. ತುಮಕೂರಿನವನಿಗೆ ಬಾದಾಮಿ ದೂರವೇ. ಅವನಿಗೆ ಎಲ್ಲ ಗೊತ್ತಿತ್ತು. ಆಗಲೂ ನಾನು "ನೋಡೋಣ ಗುರು" ಎಂದೆ. ನನ್ನಂಥ ಹೇಡಿ ಇನ್ನೊಬ್ಬನಿರಲಾರ. ಮತ್ತೆ ಅವನು ಸಿಗಲೇ ಇಲ್ಲ.

ಮೊನ್ನೆ ಪೇಂಟರನ್ನು ಕೇಳಿದೆ, "ಯಾವೂರಪಾ ನಿಂದು?" ತುಕ್ಕು ಹಿಡಿದ ಮಾತು ನನಗೇ ವಿಚಿತ್ರವಾಗಿ ಕೇಳಿಸಿತು.

"ಇಲ್ಲೇ ಸಾರ್, ದಾಸರಹಳ್ಳಿ," ಎಂದ ಅವನು, ಗೋಡೆಯನ್ನೇ ನೋಡುತ್ತ.

ಫೋನಿನಲ್ಲಿ ಅವನಾಡಿದ ಮಾತು ದಾಸರಹಳ್ಳಿಯದಾಗಿರಲಿಲ್ಲ. ಅಂದು ಮಲ್ಲಪ್ಪನಿಗೂ ಹೀಗೇ ಆಗಿರಬೇಕು.

"ನಂದು ಮುದ್ದೇಬಿಹಾಳ" ಎಂದೆ. ಈ ಮನೆಯಲ್ಲಿ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ತಿರುಗಲಿಲ್ಲ, ಬ್ರಷ್ಷೂ ನಿಲ್ಲಲಿಲ್ಲ. ಒಳಗೆ ಹೋಗಿ, ಖಾನಾವಳಿಯಿಂದ ನನ್ನೊಬ್ಬನಿಗೆಂದು ತಂದಿದ್ದ ರೊಟ್ಟಿಗಳನ್ನು ಎರಡು ತಟ್ಟೆಗೆ ಹಾಕಿದೆ. ಒಂದನ್ನು ಅವನ ಏಣಿಯ ಪಕ್ಕ ಇಟ್ಟು, ಬೇರೆ ಕಡೆ ಮುಖ ಮಾಡಿ ಕೂತೆ.