ಕೂಸಿನ ಅಂಗಾಲಿಗೆ ಮೂಗಮ್ಮನ ಬೊಟ್ಟು

ಚಾಮರಾಜನಗರದ ಬಳಿಯ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಯೊಂದರ ಗೇಟಿನ ಪಕ್ಕ, ಸೆಕ್ಯುರಿಟಿಯವರ ಕೋಣೆಯ ಹಿಂದೆ ಎರಡು ಕೋಣೆಗಳ ಒಂದು ಕಟ್ಟಡವಿದೆ. ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಏನೋ ದೊಡ್ಡದಾಗಿ ಬರೆದಿದ್ದಾರೆ. ಅದನ್ನು ಓದುವ ಗೋಜಿಗೆ ಯಾರೂ ಹೋಗುವುದಿಲ್ಲ, ಎಲ್ಲರ ಬಾಯಲ್ಲೂ ಇದು 'ಕೂಸಿನ ಮನೆ'. ಒಳಗೆ ಗ್ಯಾಸ್ ಒಲೆಯ ಮುಂದೆ ಮೂಗಮ್ಮ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಸಿಬಟ್ಟೆಯಲ್ಲಿ ಪಾತ್ರೆ ಹಿಡಿದು, ಇನ್ನೊಂದು ಕೈಯಲ್ಲಿ ಸೌಟು ತಿರುಗಿಸುತ್ತಲೇ ಇದ್ದಾರೆ. ರಾಗಿ ಸರಿ ಕುದಿಯುತ್ತಿದೆ.

"ಸರಿ ಕಾಯ್ಸೋವಾಗ ಯಾರ್ ಕೂಗುದ್ರೂ ನಾ ತಿರ್ಗಿ ನೋಡಾಕಿಲ್ಲ ಕಣಪ್ಪ" ಎನ್ನುತ್ತಾರೆ, ಅವರ ಕಥೆ ಕೇಳಲು ಬಂದ ನನ್ನ ಕಡೆ ತಿರುಗದೆಯೇ. "ಗಂಟಾದ್ರೆ ಕೂಸು ಥೂ ಅಂತ ಉಗಿದ್ಬುಡ್ತದೆ. ದೊಡ್ಡೋರಾದ್ರೆ ಮರ್ವಾದಿಗಾದ್ರೂ ನುಂಗ್ಕೋತಾರೆ. ಕೂಸ್ಗೆ ಎಂಥ ಮರ್ವಾದಿ?"

ಹೆಸರು ಮೂಗಮ್ಮ ಅಂತಿದ್ದರೂ ಬಾಯಿ ಸುಮ್ಮನಿರುವ ಪೈಕಿಯಲ್ಲ. ವಯಸ್ಸು ಕೇಳಿದರೆ, "ಐವತ್ತೂ ಅರವತ್ತೂ, ಎರಡ್ರ ಮಧ್ಯ ಎಲ್ಲೋ ಇವ್ನಿ" ಎಂದು ನಗುತ್ತಾರೆ. ದಿನಾ ನಸುಕಿನಲ್ಲಿ ಗಂಡ ಕೆಂಪಯ್ಯ ಹಳೆಯ ಟಿವಿಎಸ್‌ನಲ್ಲಿ ಗೇಟಿನ ತನಕ ಬಿಟ್ಟು ಹೋಗುತ್ತಾರೆ. ಹೀಗೆ ಹನ್ನೊಂದು ವರ್ಷವಾಯಿತು. ಕೂಸಿನ ಮನೆಯಲ್ಲಿ ಸುಮಾರು ಇಪ್ಪತ್ತು ಮಕ್ಕಳಿದ್ದಾರೆ. ನಡೆದಾಡುವವರನ್ನು ಮಂಗಳಗೌರಿ ಎಂಬ ಇನ್ನೊಬ್ಬ ಆಯಾ ನೋಡಿಕೊಳ್ಳುತ್ತಾರೆ. ತಾಯಿಯ ಹಾಲಿನ ಜೊತೆಗೆ ಈಗಷ್ಟೇ ಊಟ ಕಲಿಯುತ್ತಿರುವ ಆರೇಳು ಕೂಸುಗಳು ಮೂಗಮ್ಮನ ಪಾಲಿಗೆ.

ಊಟ ಕಲಿಸುವುದೆಂದರೆ ನಾವು ಅಂದುಕೊಂಡಷ್ಟು ಸಲೀಸಲ್ಲ. ಬೆಳಿಗ್ಗೆ ರಾಗಿ ಸರಿ. ಮಧ್ಯಾಹ್ನ ಮೆತ್ತಗೆ ಕಿವುಚಿದ ಅನ್ನಕ್ಕೆ ಹೆಸರುಬೇಳೆ ಕಟ್ಟು, ಚೂರು ತುಪ್ಪ. ಸಂಜೆ ಬಸ್ಸು ಹೊರಡುವ ಮುಂಚೆ ಏಲಕ್ಕಿ ಬಾಳೆಹಣ್ಣು. ನಡುವೆ ಟೀ ಬಿಡುವಿನಲ್ಲಿ ತಾಯಂದಿರು ಓಡಿ ಬಂದು ಹಾಲು ಕುಡಿಸಿ ಓಡುತ್ತಾರೆ. ಮೊಟ್ಟೆ ತಿನ್ನುವ ಮನೆಯ ಮಕ್ಕಳಿಗೆ ಮೊಟ್ಟೆಯೂ ಉಂಟು. ಅದರ ಪಾತ್ರೆ ಬೇರೆ, ಚಮಚ ಬೇರೆ, ತೊಳೆಯುವ ನಾರೂ ಬೇರೆ. ಹೊಸ ತಿನಿಸು ಶುರು ಮಾಡುವ ವಿಷಯದಲ್ಲಂತೂ ಮೂಗಮ್ಮ ಬಲು ಬಿಗಿ.

"ಮೊದಲ್ನೇ ತುತ್ತು ಮನೇದು. ಬಾನ್ವಾರ ಅವ್ವ ತಿನ್ಸ್ಲಿ. ಮೈಮ್ಯಾಲೆ ದದ್ದು ಗಿದ್ದು ಏಳ್ನಿಲ್ಲ, ಬೇದಿ ಆಗ್ನಿಲ್ಲ ಅಂದ್ರೆ ಬುದ್ವಾರದಿಂದ ನಾ ಶುರು ಮಾಡ್ತೀನಿ. ಮೊದಲ್ನೇ ತುತ್ತು ತಿನ್ಸೋ ಸುಖ ಎತ್ತೋಳ್ದು. ಅದ್ಕೆ ನಾ ಕೈ ಆಕ್ಬಾರ್ದು."

ಸಂಜೆ ಬೆಲ್ಲು ಹೊಡೆದರೆ ಜಾತ್ರೆಯ ನೂಕುನುಗ್ಗಲು. ತಾಯಂದಿರು ಕೂಸನ್ನು ಕಂಕುಳಿಗೆ ಹಾಕಿಕೊಂಡು ಬಸ್ಸಿಗೆ ಓಡಬೇಕು. ಯಾವ ಕೂಸು ಎಷ್ಟು ತಿಂತು ಅಂತ ಹೇಳಲೂ ಪುರುಸೊತ್ತಿಲ್ಲ, ಕೇಳಲೂ ಪುರುಸೊತ್ತಿಲ್ಲ. ಅದಕ್ಕೆ ಮೂಗಮ್ಮ ಒಂದು ಉಪಾಯ ಕಂಡುಕೊಂಡಿದ್ದಾರೆ. ಮುಖ ತೊಳೆಸಿ ಕೆನ್ನೆಗೆ ದೃಷ್ಟಿಬೊಟ್ಟು ಇಡುವಾಗಲೇ ಅಂಗಾಲಿಗೂ ಒಂದು ಕಪ್ಪು ಬೊಟ್ಟು ಒತ್ತುತ್ತಾರೆ. ಬಲಗಾಲಿನಲ್ಲಿ ಬೊಟ್ಟಿದ್ದರೆ ಕೂಸು ಹೊಟ್ಟೆ ತುಂಬ ತಿಂದಿದೆ. ಎಡಗಾಲಿನಲ್ಲಿದ್ದರೆ ಅರೆಹೊಟ್ಟೆ. ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ತಾಯಂದಿರು ಮೊದಲು ಮಾಡುವ ಕೆಲಸ ಕೂಸಿನ ಕಾಲು ಮಗುಚಿ ನೋಡುವುದು. ರಾತ್ರಿಗೆ ಅನ್ನ ಕಲಸಬೇಕೋ, ಹಾಲೇ ಸಾಕೋ ಎಂಬುದು ಅಲ್ಲೇ ತೀರ್ಮಾನ. ಕಂಡಕ್ಟರ್ ಕೂಡ ಈಗೀಗ "ಏನಕ್ಕ, ಇವತ್ತು ಬಲಗಾಲಾ?" ಅಂತ ಕೇಳುತ್ತಾನಂತೆ.

ಮೂಗಮ್ಮನ ತವರು ಗುಂಡ್ಲುಪೇಟೆ ಆಚೆಯ ಹಂಗಳ. ಈಗ ಆ ದಾರಿಯಲ್ಲಿ ಹೋದರೆ ಕಣ್ಣು ಹಾಯಿಸಿದಷ್ಟೂ ಚೆಂಡುಹೂವು, ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಳ್ಳುವ ಕಾರಿನ ಜನ. ಮೂಗಮ್ಮನ ನೆನಪಿನ ಹಂಗಳದಲ್ಲಿ ಹುರುಳಿ, ಜೋಳ, ರಾಗಿ. ಅಪ್ಪ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ಆನೆ ಕಾಯುತ್ತಿದ್ದರು. ಅವ್ವ ಕೆಳಗೆ ಕೊನೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸರಿ ತಿನ್ನಿಸುತ್ತಿದ್ದರು.

"ನಮ್ಮವ್ವ ರಾಗಿ ನೆನೆ ಆಕಿ, ಬಟ್ಟೇಲಿ ಕಟ್ಟಿ, ಒಲೆ ಮಗ್ಗುಲ ಗೂಟಕ್ಕೆ ನೇತಾಕೋಳು. ಮೊಳ್ಕೆ ಬಂದದಾ ಅಂತ ನಾವ್ ಮಕ್ಳು ಗಳ್ಗೆಗೊಂದ್ಸಲ ಬಿಚ್ಚಿ ನೋಡಿ ಬೈಸ್ಕೋತಿದ್ದೊ. ಒಣಗ್ಸಿ, ಉರ್ದು, ಕಲ್ಲಲ್ಲಿ ಬೀಸಿ, ಅವಳ್ ಹಳೇ ಸೀರೆ ಸೆರಗಲ್ಲೇ ಸೋಸೋಳು. ಅಷ್ಟು ನುಣ್ಣಗಿನ್ ಹಿಟ್ಟು ಈಗಿನ್ ಮಿಲ್ಲಲ್ ಎಲ್ಲಿ ಬತ್ತದೆ? ಪಾತ್ರೆ ತಳದಲ್ ಉಳ್ದಿದ್ ಸರಿ ನೆಕ್ಕಕ್ಕೆ ನಮ್ಗೆ ಸರದಿ ಇತ್ತು. ನನ್ ಸರದಿ ಬಂದ್ ದಿನ ನಾನೇ ರಾಣಿ."

ಹೇಳುತ್ತಾ ಹೇಳುತ್ತಾ ಅವರ ಸೌಟು ನಿಧಾನವಾಗುತ್ತದೆ. ಒಲೆಯಿಂದ ಬರುತ್ತಿರುವ ಆ ಹುರಿದ ರಾಗಿಯ ಘಮ ನನ್ನನ್ನೂ ಬಿಡುವುದಿಲ್ಲ. ನಮ್ಮಜ್ಜಿಯ ಮಡಿಲಿಗೂ ಇದೇ ವಾಸನೆಯಿತ್ತು. ಆ ಮಡಿಲು ಈಗಿಲ್ಲ ಎಂಬುದು ಬೆಳ್ಳಂಬೆಳಿಗ್ಗೆ ಯಾರದೋ ಕಾರ್ಖಾನೆಯ ಅಡುಗೆ ಕೋಣೆಯಲ್ಲಿ ನಿಂತಾಗ ನೆನಪಾಗುತ್ತದೆ.

ಮದುವೆಯಾಗಿ ಈ ಕಡೆ ಬಂದ ಮೇಲೆ ಅರಿಶಿನದ ಹೊಲಗಳಲ್ಲಿ ಕೂಲಿ. ಹೊಂಗೆ ಮರದ ಕೊಂಬೆಗೆ ಸೀರೆ ಕಟ್ಟಿ ಅದರಲ್ಲಿ ಕೂಸು ಮಲಗಿಸಿ, ಸಾಲಿನ ಕೊನೆ ಮುಟ್ಟಿದಾಗೊಮ್ಮೆ ಬಂದು ತೂಗಿ ಹೋಗುತ್ತಿದ್ದರಂತೆ. ಅರಿಶಿನದ ಕೈಯಲ್ಲೇ ತುತ್ತು. "ನನ್ ಮಕ್ಳ ಬಾಯೆಲ್ಲ ಅಳದಿ, ಮದ್ವೆ ಗಂಡು ಇದ್ದಂಗೆ" ಎಂದು ನಗುತ್ತಾರೆ. ಆ ಮಕ್ಕಳು ಈಗ ಮಕ್ಕಳ ತಂದೆತಾಯಿ.

ಈ ಕಥೆಗಳನ್ನು ಕೇಳಲೆಂದೇ ನಾನು ಹೋಗುತ್ತಿರುವ ದಿನಗಳಲ್ಲಿ ಕೂಸಿನ ಮನೆಯಲ್ಲಿ ಒಂದು ಸಂಕಟ ನಡೆಯುತ್ತಿದೆ. ಸಾಗರ್‌ಗೆ ಒಂಬತ್ತು ತಿಂಗಳು. ತಾಯಿ ನಯನಾ ಇಲ್ಲಿ ಕಾಲರ್ ಹೊಲಿಯುತ್ತಾಳೆ. ಎರಡು ವಾರದಿಂದ ಹುಡುಗ ಬೆಳಗಿನ ಸರಿಯನ್ನು ಮೂಸಿಯೂ ನೋಡುತ್ತಿಲ್ಲ. ಬಾಯಿ ಬಿಗಿಹಿಡಿದು ಮುಖ ತಿರುಗಿಸುತ್ತಾನೆ, ಮಧ್ಯಾಹ್ನವೂ ಅಷ್ಟಕ್ಕಷ್ಟೆ. ದಿನಾ ಎಡಗಾಲಿಗೇ ಬೊಟ್ಟು. ಮನೆಯಲ್ಲಿ ನಯನಾಳ ಅತ್ತೆ ಪುಟ್ಟಮಲ್ಲಮ್ಮ ಒಂದೇ ಮಾತು ಹೇಳಿಬಿಟ್ಟಿದ್ದಾರೆ: "ಗೌರಿ ಹಬ್ಬದವರೆಗೂ ನೋಡ್ತೀನಿ. ಆಮೇಲೂ ನನ್ನ ಮೊಮ್ಮಗ ಹಿಂಗೇ ಉಪವಾಸ ಬಿದ್ದರೆ ನೀನು ಗಾರ್ಮೆಂಟ್ಸು ಬಿಟ್ಟುಬಿಡು."

ನಯನಾಗೆ ಕೆಲಸ ಬಿಡಲು ಇಷ್ಟವಿಲ್ಲ. "ಮೆಷಿನ್ ಮುಂದೆ ಕೂತ್ಕಂಡ್ರೆ ನಾನೂ ಒಬ್ಳು ಇದೀನಿ ಅನ್ನಿಸ್ತದೆ ಸಾರ್. ಲೈನಲ್ಲಿ ನನ್ನ ಕಾಲರ್ ಯಾವತ್ತೂ ವಾಪಸ್ ಬಂದಿಲ್ಲ" ಎನ್ನುವಾಗ ಅವಳ ಕಣ್ಣು ತುಂಬುತ್ತದೆ. "ಆದ್ರೆ ಮಗ ತಿನ್ನಲ್ಲ ಅಂದ್ರೆ ಏನ್ ಮಾಡ್ಲಿ?"

ಅವಳಿಗಿಂತ ಹೆಚ್ಚು ಕಂಗಾಲಾಗಿರುವುದು ಮೂಗಮ್ಮ. ಹಲ್ಲು ಬರುತ್ತಿದೆಯೇನೋ ಅಂತ ಒಸಡು ಮುಟ್ಟಿ ನೋಡಿದರು. ಬೇರೆ ಚಮಚ ತಂದರು. ತವರಿನ ಹಾಡು ಹೇಳಿದರು. ಅಟ್ಟಣೆಯ ಕೆಳಗೆ ಕೂತು ಅವ್ವ ಹೇಳುತ್ತಿದ್ದುದು:

"ಬೆಟ್ಟದ ಆನೆ ಬತ್ತದೆ,
ಬಟ್ಲು ಸರಿ ಕೇಳ್ತದೆ.
ಆನೆಗ್ ಕೊಡನಾ? ಬ್ಯಾಡ, ಬ್ಯಾಡ.
ಕೂಸ್ಗೇ ಕೊಡನಾ? ಆ..."

ಆ ಕೊನೆಯ 'ಆ'ಗೆ ಎಂಥ ಹಟಮಾರಿ ಕೂಸೂ ಬಾಯಿ ತೆರೆಯುತ್ತದೆ. ಸಾಗರ್ ನಗುತ್ತಾನೆ, ಬಾಯಿ ತೆರೆಯುವುದಿಲ್ಲ.

ಗುಟ್ಟು ಒಡೆಯುವುದು ಒಂದು ತೇಗಿನಿಂದ. ಬಸ್ಸಿಳಿದ ನಯನಾ ಕೂಸನ್ನು ಕೊಡುತ್ತಾಳೆ. ಮೂಗಮ್ಮ ಹೆಗಲಿಗೆ ಹಾಕಿಕೊಂಡ ಕೂಡಲೇ ಹುಡುಗ ಗಡದ್ದಾಗಿ ತೇಗುತ್ತಾನೆ. ಮೂಗಮ್ಮ ಅವನ ಬಾಯಿ ಹತ್ತಿರ ಮೂಗು ತರುತ್ತಾರೆ.

"ಬೆಳಗ್ಗೆ ಏನ್ ತಿನ್ಸ್ದಮ್ಮಿ?"

"ಏನಿಲ್ಲ ಮೂಗಕ್ಕ, ಹಾಲು ಅಷ್ಟೆ."

"ಓಮಿನ್ ವಾಸ್ನೆ ಬತ್ತಾದಲ್ಲ. ನಾ ಸರಿಗೆ ಓಮ ಆಕಾಕಿಲ್ಲ."

ನಯನಾಳ ಮುಖ ಕಪ್ಪಿಡುತ್ತದೆ. ಓಮ ಹಾಕಿ ಸರಿ ಹಿಟ್ಟು ಮಾಡುವುದು ಅತ್ತೆ. ಇವಳು ಬಸ್ಸಿಗೆ ಹೊತ್ತಾಯಿತೆಂದು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅತ್ತೆ ಮೊಮ್ಮಗನಿಗೆ ಗಂಟಲಮಟ್ಟ ಸರಿ ತಿನ್ನಿಸಿ, ಬಾಯಿ ಒರೆಸಿ ಕಳಿಸುತ್ತಿರುವುದು ಈಗ ಅವಳಿಗೆ ಹೊಳೆಯುತ್ತದೆ. ಎಡಗಾಲಿನ ಬೊಟ್ಟಿನ ಅರ್ಥ ಅವರಿಗೂ ಗೊತ್ತು. ಯಾವತ್ತೋ ಒಂದು ದಿನ ಕೂಸಿಗೆ ನೆಗಡಿಯಾಗಿ ಎಡಗಾಲಿಗೆ ಬೊಟ್ಟು ಬಿತ್ತು. ಅಜ್ಜಿ ಹೆದರಿ ಮಾರನೆಯ ಬೆಳಿಗ್ಗೆ ತಾವೇ ತಿನ್ನಿಸಿದರು. ಹೊಟ್ಟೆ ತುಂಬಿದ ಕೂಸು ಇಲ್ಲಿ ತಿನ್ನಲಿಲ್ಲ, ಮತ್ತೆ ಎಡಗಾಲಿಗೇ ಬೊಟ್ಟು. ಅಜ್ಜಿ ಮತ್ತಷ್ಟು ಹೆದರಿ ಮತ್ತಷ್ಟು ತಿನ್ನಿಸಿದರು.

"ಇವತ್ತು ಅತ್ತೇನ ಕೇಳೇ ಕೇಳ್ತೀನಿ" ಎಂದು ನಯನಾ ಹಲ್ಲು ಕಚ್ಚುತ್ತಾಳೆ.

"ಜಗಳ ಆಡ್ಬ್ಯಾಡ ಕಣಮ್ಮಿ. ಅವ್ರು ಬೊಟ್ಟು ನೋಡ್ಕಂಡು ತಿನ್ಸವ್ರೆ. ಬೊಟ್ಟು ಇಟ್ಟೋಳು ನಾನು" ಎನ್ನುತ್ತಾರೆ ಮೂಗಮ್ಮ. "ನಾಳೆ ಮನೇಲಿ ತಿನ್ಸ್ಬ್ಯಾಡಿ, ಕೂಸಿನ್ ಮನೆಗೇ ಬಂದು ನಿಮ್ ಕೈಲೇ ತಿನ್ಸಿ ಅಂತ ನಾ ಕರುದ್ನಂತೆ ಅನ್ನು."

ಮರುದಿನ ಪುಟ್ಟಮಲ್ಲಮ್ಮ ಬರುತ್ತಾರೆ. ಹಣೆ ತುಂಬ ವಿಭೂತಿ, ಕೈಯಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಮನೆಯ ಸರಿ ಹಿಟ್ಟು. ಮೂಗಮ್ಮ ಅದನ್ನು ತೆಗೆದುಕೊಂಡು ಅದರಲ್ಲೇ ಸರಿ ಕಾಯಿಸುತ್ತಾರೆ. ಅಜ್ಜಿ ಪಕ್ಕದಲ್ಲೇ ನಿಂತು ಪಾತ್ರೆ, ಚಮಚ, ಒಲೆಯ ಕಟ್ಟೆ ಎಲ್ಲವನ್ನೂ ಬೀಗಿತ್ತಿಯ ಅಡುಗೆಮನೆ ನೋಡುವ ಹಾಗೆ ನೋಡುತ್ತಾರೆ. ಆಮೇಲೆ ಕೂಸುಗಳ ಸಾಲಿನ ಎದುರು ಕೂತು ಚಮಚ ಎತ್ತುತ್ತಾರೆ.

ಸಾಗರ್ ಬಾಯಿ ಬಿಡುವುದಿಲ್ಲ. ಈ ಹೊತ್ತಿಗೆ, ಈ ಜಾಗದಲ್ಲಿ ಅವನಿಗೆ ಅಜ್ಜಿ ಹೊಸಬರು. ಅತ್ತ ಇತ್ತ ನೋಡಿ, ಆಚೆ ಕೂತ ಮೂಗಮ್ಮನನ್ನು ಕಂಡು ಎರಡೂ ಕೈ ಚಾಚುತ್ತಾನೆ. ಪುಟ್ಟಮಲ್ಲಮ್ಮನ ಚಮಚ ಗಾಳಿಯಲ್ಲೇ ನಿಲ್ಲುತ್ತದೆ. ಬಾಗಿಲಲ್ಲಿ ನಿಂತ ನಯನಾ ಸೆರಗಿನ ತುದಿ ಹಿಂಡುತ್ತಿದ್ದಾಳೆ. ಈಗ ಮೂಗಮ್ಮ ಕೂಸನ್ನು ಎತ್ತಿಕೊಂಡರೆ ಸಾಕು, ಹುಡುಗ ತಿನ್ನುತ್ತಾನೆ. ಆದರೆ ಅಜ್ಜಿ ಸೋತು ಮನೆಗೆ ಹೋಗುತ್ತಾರೆ, ಸೋತ ಅಜ್ಜಿ ಕೂಸಿನ ಮನೆಗೆ ಮೊಮ್ಮಗನನ್ನು ಇನ್ನು ಕಳಿಸುವುದು ಅನುಮಾನ.

ಮೂಗಮ್ಮ ಎದ್ದವರು ಕೂಸಿನ ಹತ್ತಿರ ಹೋಗುವುದಿಲ್ಲ. ಸುತ್ತು ಬಳಸಿ ಪುಟ್ಟಮಲ್ಲಮ್ಮನ ಬೆನ್ನ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಅಜ್ಜಿಯ ಹೆಗಲ ಮೇಲಿಂದ ಮುಖ ಮಾತ್ರ ತೋರಿಸಿ, ಕೇಳಿಯೂ ಕೇಳದ ಹಾಗೆ ಗುನುಗುತ್ತಾರೆ: ಬೆಟ್ಟದ ಆನೆ ಬತ್ತದೆ... ಕೊನೆಗೆ ದನಿಯೇ ಇಲ್ಲದೆ ಬಾಯಿ 'ಆ' ಮಾಡುತ್ತಾರೆ. ಎದುರಿಗೆ ಸಾಗರ್‌ನ ಬಾಯಿಯೂ 'ಆ'. ಅಜ್ಜಿಯ ಚಮಚ ಒಳಗೆ ಹೋಗುತ್ತದೆ. ಮತ್ತೊಂದು, ಇನ್ನೊಂದು. ಬಟ್ಟಲಿನ ತಳ ಕಾಣುವವರೆಗೂ ಮೂಗಮ್ಮ ಅಲ್ಲಿಂದ ಕದಲುವುದಿಲ್ಲ.

"ನೋಡ್ದಾ ಮೂಗವ್ವ, ನನ್ನ ಕೈಯಾದ್ರೆ ಎಂಗ್ ತಿಂತಾನೆ!" ಪುಟ್ಟಮಲ್ಲಮ್ಮನ ಮುಖ ಅರಳಿದೆ.

"ಊಂ ಕಣವ್ವ, ನಿಮ್ ಕೈಗುಣ" ಎನ್ನುತ್ತಾರೆ ಮೂಗಮ್ಮ. "ನಿಮ್ ಹಿಟ್ಟೇ ಕಳ್ಸಿ, ಇಲ್ಲೇ ಕಾಯ್ಸ್ತೀನಿ. ಆದ್ರೆ ಬೆಳಗ್ಗೆ ಮನೇಲಿ ಬ್ಯಾಡಿ. ಕೂಸು ಅಸ್ಕಂಡ್ ಬಂದ್ರೆ ನಂಗೆ ಸಲೀಸು."

ಪುಟ್ಟಮಲ್ಲಮ್ಮ ಮೊಮ್ಮಗನ ಬಾಯಿ ಒರೆಸುತ್ತಾ ಹೇಳುತ್ತಾರೆ: "ಇವನಪ್ಪ ಮಲ್ಲೇಶ್ ಕೂಸಾಗಿದ್ದಾಗ ಪಕ್ಕದ ಮನೇಲಿ ಬಿಟ್ಟು ಹೊಲಕ್ಕೆ ಹೋಗ್ತಿದ್ದೆ. ಒಂದಿನ ಬೇಗ ಬಂದು ನೋಡಿದ್ರೆ ಮಣ್ಣು ತಿಂತಾ ಕೂತಿದ್ದ. ಆ ಬಾಯಿ ಇನ್ನೂ ನನ್ನ ಕಣ್ಮುಂದೆ ಅದೆ." ಹಾಗೆಂದು ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ತಾವೇ ಇಡುತ್ತಾರೆ. ಗೌರಿ ಹಬ್ಬದ ಮಾತು ಎತ್ತುವುದಿಲ್ಲ. ಮೂಗಮ್ಮ ಕಪ್ಪಿನ ಭರಣಿ ಮುಂದೆ ಹಿಡಿಯುತ್ತಾರೆ. ಸಂಜೆಯವರೆಗೆ ಕಾಯದೆ, ಬಲಗಾಲಿಗೆ ಅಜ್ಜಿಯೇ ಬೊಟ್ಟು ಒತ್ತುತ್ತಾರೆ. ಬಾಗಿಲಲ್ಲಿದ್ದ ನಯನಾ ಕಣ್ಣೊರೆಸಿಕೊಂಡು ಮೆಷಿನ್ನಿನ ಕಡೆ ಓಡುತ್ತಾಳೆ.

ಎಲ್ಲರೂ ಹೋದ ಮೇಲೆ ಮೂಗಮ್ಮ ಪಾತ್ರೆಯ ತಳ ಕೆರೆಯುತ್ತಾ ಇನ್ನೊಂದು ಸಂಗತಿ ಹೇಳುತ್ತಾರೆ. ಮೊನ್ನೆ ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಸಿಕ್ಕಿದ್ದಳಂತೆ, ಇಲ್ಲಿ ಉಂಡು ಬೆಳೆದವಳು, ಈಗ ಸ್ಕೂಲ್ ಬ್ಯಾಗು ಹಾಕಿದ್ದಳು. ಮಾತಾಡಿಸಲು ಹೋದರೆ ಗುರುತು ಸಿಗದೆ ತಾಯಿಯ ಹಿಂದೆ ಬಚ್ಚಿಟ್ಟುಕೊಂಡಳು.

"ಬೇಜಾರಾಗಲಿಲ್ವಾ?" ಎಂದು ಕೇಳುತ್ತೇನೆ. "ಇವತ್ತೂ ಅಷ್ಟೆ. ತಿನ್ನಿಸಿದ್ದು ನೀವು, ಹೆಸರು ಅವರದಾಯಿತು."

ಮೂಗಮ್ಮ ಬೆರಳಿಗಂಟಿದ ಸರಿಯನ್ನು ಬಾಯಿಗಿಟ್ಟು ಚಪ್ಪರಿಸುತ್ತಾರೆ, ಸರದಿ ಬಂದ ಹುಡುಗಿಯ ಹಾಗೆ.

"ಬೇಜಾರ್ ಯಾಕಪ್ಪ? ಕೂಸ್ಗೆ ಮನೆಯೋರ್ ಕೈ ನೆಪ್ಪಿರ್ಬೇಕು. ನಂದು ಒಟ್ಟೇಲಿದ್ರೆ ಸಾಕು."